ಅನಂತಪುರದ ಹಾಳೆಗಳು

ನಾನು ಸುಳ್ಳು ಹೇಳಿದೆ. ಎದುರಿಗೇ ಕೂತಿದ್ದ ನನ್ನ ವಿದ್ಯಾರ್ಥಿನಿಯ ಬಗ್ಗೆ, ಅವಳು ಕೇಳಿಸಿಕೊಳ್ಳುತ್ತಿರುವಾಗಲೇ, ಇನ್ನಿಬ್ಬರು ಪ್ರಾಧ್ಯಾಪಕರ ಮುಂದೆ ಸುಳ್ಳು ಹೇಳಿದೆ. ಆ ಒಂದು ಮಾತಿನಿಂದ ಅವಳ ಓದು ಅಲ್ಲಿಗೇ ನಿಂತಿತು, ನನ್ನ ಹೆಸರು ಅಲ್ಲಿಂದ ಮೇಲಕ್ಕೆ ಹೋಯಿತು. ಇದನ್ನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ — ಹೆಂಡತಿಗೂ ಹೇಳಲಿಲ್ಲ. ಹೆಂಡತಿ ತೀರಿಕೊಂಡ ಮೇಲೆ ಹೇಳಬೇಕೆನಿಸಿತು, ಆಗ ಹೇಳಲು ಯಾರೂ ಉಳಿದಿರಲಿಲ್ಲ. ಆದ್ದರಿಂದ ಇದನ್ನು ಓದುವವರು ಯಾರೋ, ನಿಮಗೆ ಹೇಳುತ್ತಿದ್ದೇನೆ.

ನಾನು ಅರ್ಥಶಾಸ್ತ್ರದ ಪ್ರಾಧ್ಯಾಪಕ, ಈಗ ನಿವೃತ್ತ. ಹುಟ್ಟಿ ಬೆಳೆದದ್ದು ಚಿಕ್ಕೋಡಿಯಲ್ಲಿ, ನೌಕರಿ ಮಾಡಿದ್ದು ಅಲ್ಲಿಂದ ದೂರದ ಒಂದು ವಿಶ್ವವಿದ್ಯಾಲಯದಲ್ಲಿ. ನನ್ನ ಕ್ಷೇತ್ರಕ್ಕೆ ಪ್ರಾಯೋಗಿಕ ಅರ್ಥಶಾಸ್ತ್ರ ಎನ್ನುತ್ತಾರೆ. ಹೆಸರು ಕೇಳಿ ಗಾಬರಿಯಾಗಬೇಡಿ. ಜನರನ್ನು ಕೂರಿಸಿ, ಕೊಡುವ ತೆಗೆದುಕೊಳ್ಳುವ ಒಂದು ಸಣ್ಣ ಆಟ ಆಡಿಸಿ, ಅವರು ನಿಜಕ್ಕೂ ಹೇಗೆ ನಡೆದುಕೊಳ್ಳುತ್ತಾರೆ ಎಂದು ನೋಡುವುದು, ಇಷ್ಟೇ. ಮನುಷ್ಯ ಬರೀ ತನ್ನ ಲಾಭ ನೋಡುವವನು ಎಂದು ಪಠ್ಯಪುಸ್ತಕ ಹೇಳುತ್ತದೆ. ಆಟ ಆಡಿಸಿ ನೋಡಿದರೆ ಅವನು ಅಷ್ಟೇನೂ ಹಾಗಿಲ್ಲ ಎಂದು ತಿಳಿಯುತ್ತದೆ. ಆ ‘ಅಷ್ಟೇನೂ’ ಎಂಬ ಪದವನ್ನು ನಂಬಿಕೊಂಡೇ ನಾನು ಮೂವತ್ತು ವರ್ಷ ಪಾಠ ಮಾಡಿದೆ.

ಪಾಠವೊಂದೇ ಅಲ್ಲ. ಅರ್ಥಶಾಸ್ತ್ರಜ್ಞರ ಸಂಘವೊಂದಕ್ಕೆ ಅಧ್ಯಕ್ಷನಾದೆ. ಎರಡು ಕಡೆ ಗೌರವ ಡಾಕ್ಟರೇಟ್ ಕೊಟ್ಟರು. ವಿದೇಶದ ಸಭಾಂಗಣಗಳಲ್ಲಿ, ನನ್ನ ಹೆಸರನ್ನು ಉಚ್ಚರಿಸಲು ಒದ್ದಾಡುವವರಿಂದ ಪರಿಚಯ ಮಾಡಿಸಿಕೊಂಡು ಭಾಷಣ ಮಾಡಿದೆ. ಒಂದು ಟ್ರಂಕಿನ ತುಂಬ ಶಾಲುಗಳಿವೆ. ನುಸಿಗುಳಿಗೆ ಹಾಕುವ ಕೆಲಸ ಮೊದಲು ಹೆಂಡತಿಯದಾಗಿತ್ತು, ಈಗ ನನ್ನದು. ಪತ್ರಿಕೆಯವರೊಬ್ಬರು ನನಗೆ ‘ನಂಬಿಕೆಯ ಮಾಸ್ತರು’ ಎಂದು ಹೆಸರಿಟ್ಟರು, ಅದು ಅಂಟಿಕೊಂಡಿತು. ಹಾಗೆ ಕರೆದಾಗಲೆಲ್ಲ ನಾನು ತಲೆ ತಗ್ಗಿಸಿ ನಗುತ್ತಿದ್ದೆ. ನೋಡಿದವರು ಅದನ್ನು ವಿನಯ ಎಂದುಕೊಳ್ಳುತ್ತಿದ್ದರು.

ಈ ಎಲ್ಲದಕ್ಕೂ ಬುಡ ಒಂದೇ. ಎರಡು ಸಾವಿರದ ಐದೋ ಆರೋ ಇರಬೇಕು, ಅಥಣಿ ತಾಲ್ಲೂಕಿನ ಐಗಳಿಯ ಶಾಲೆಯಲ್ಲಿ, ಬೇಸಿಗೆ ರಜೆಯಲ್ಲಿ, ನಾನು ನಡೆಸಿದ ಬೆಲ್ಲದ ಪ್ರಯೋಗ.

ಅದನ್ನು ಸರಳವಾಗಿ ಹೇಳಿಬಿಡುತ್ತೇನೆ. ಕಾಗವಾಡದ ಕಡೆ ಮನೆಯಲ್ಲಿ ಮರಾಠಿ ಮಾತಾಡುವ ಒಂದು ಹಳ್ಳಿ. ಅಲ್ಲಿ ಒಬ್ಬೊಬ್ಬರಿಗೂ ಹತ್ತು ಸಣ್ಣ ಬೆಲ್ಲದ ಅಚ್ಚು ಕೊಡುತ್ತಿದ್ದೆವು. ಅವರು ಇಷ್ಟ ಬಂದಷ್ಟನ್ನು ಐಗಳಿಯ ಯಾರೋ ಗುರುತಿಲ್ಲದವರಿಗೆ ಕಳಿಸಬಹುದು, ಉಳಿದದ್ದು ಅವರದೇ. ಕಳಿಸಿದ್ದನ್ನು ನಾವು ದಾರಿಯಲ್ಲಿ ಮೂರು ಪಟ್ಟು ಮಾಡಿ ಮುಟ್ಟಿಸುತ್ತಿದ್ದೆವು. ಐಗಳಿಯವರು ಅದರಲ್ಲಿ ಬೇಕಾದಷ್ಟು ಇಟ್ಟುಕೊಂಡು, ಮನಸ್ಸಿದ್ದರೆ ಒಂದಿಷ್ಟು ತಿರುಗಿ ಕಳಿಸಬಹುದು. ಕಳಿಸಲೇಬೇಕೆಂದಿಲ್ಲ. ಯಾರು ಯಾರೆಂದು ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಲಾಭವನ್ನಷ್ಟೇ ನೋಡುವ ಮನುಷ್ಯ ಒಂದು ಅಚ್ಚನ್ನೂ ತಿರುಗಿ ಕಳಿಸಬಾರದು. ರೊಕ್ಕ ಕೊಟ್ಟರೆ ಇದು ಚುನಾವಣೆಯೋ ಸರಕಾರಿ ಯೋಜನೆಯೋ ಎಂದು ಸಂಶಯಪಡುತ್ತಾರೆಂದು ಬೆಲ್ಲ ಆರಿಸಿದ್ದು. ಇರುವೆ ಹತ್ತಬಾರದೆಂದು ಅಥಣಿಯ ಪಾತ್ರೆ ಭಾಂಡೆ ಅಂಗಡಿಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿಗಳನ್ನು ಕೊಂಡಿದ್ದು. ಬೆಲ್ಲ ಡಬ್ಬಿಯಲ್ಲಿ ಹೋಗಿ, ಅದೇ ಡಬ್ಬಿಯಲ್ಲಿ ಬರುತ್ತಿತ್ತು.

ಒಂದೇ ಒಂದು ಡಬ್ಬಿಯೂ ಖಾಲಿ ಬರಲಿಲ್ಲ.

ಜೀಪಿನ ಹಿಂಬದಿಯಲ್ಲಿ ಕೂತು ಒಂದೊಂದೇ ಮುಚ್ಚಳ ತೆಗೆದು ನೋಡಿದೆ. ಯಾವುದರಲ್ಲಿ ನಾಲ್ಕು, ಯಾವುದರಲ್ಲಿ ಎರಡು, ಕೆಲವುಗಳಲ್ಲಿ ಒಂದೇ — ಆದರೆ ಖಾಲಿ ಇಲ್ಲ. ಮತ್ತೊಮ್ಮೆ ಮೊದಲಿನಿಂದ ಎಣಿಸಿದೆ. ಜಗತ್ತಿನಲ್ಲಿ ಎಲ್ಲೆಲ್ಲೋ ಈ ಆಟ ಆಡಿಸಿದ್ದರು, ಎಲ್ಲ ಕಡೆಯೂ ಸುಮ್ಮನೆ ಇಟ್ಟುಕೊಂಡವರು ಇದ್ದೇ ಇದ್ದರು. ನಾನು ಕೂಡಲೇ ಒಂದು ಸಿದ್ಧಾಂತ ಕಟ್ಟಿದೆ. ಎರಡು ಭಾಷೆಗಳ ಗಡಿಯಲ್ಲಿ ಬದುಕುವ ಜನ ದಿನಬೆಳಗಾದರೆ ಗುರುತಿಲ್ಲದವರ ಜೊತೆ ವ್ಯವಹರಿಸಬೇಕು. ಆದ್ದರಿಂದ ಇಲ್ಲಿ ಅಪರಿಚಿತರ ಮೇಲಿನ ನಂಬಿಕೆ ರಕ್ತಗತವಾಗಿದೆ. ಎಷ್ಟು ಚೆಂದದ ಮಾತು. ಕೇಳಲು ಈಗಲೂ ಚೆಂದವಾಗಿಯೇ ಇದೆ.

ಆ ಜೀಪಿನಲ್ಲಿ ನನ್ನ ಜೊತೆ ಸುಜಾತಾ ಇದ್ದಳು. ಅದೇ ತಾಲ್ಲೂಕಿನ ಅನಂತಪುರದವಳು, ಬೌದ್ಧಧರ್ಮಕ್ಕೆ ಸೇರಿದ ದಲಿತರ ಮನೆಯ ಹುಡುಗಿ. ತಂದೆ ತಾಯಿ ಇಬ್ಬರೂ ಬೇರೆಯವರ ಕಬ್ಬಿನ ಹೊಲದಲ್ಲಿ ಕೆಲಸ ಮಾಡುತ್ತಿದ್ದರು. ಅವಳು ಆಗಷ್ಟೇ ಅರ್ಥಶಾಸ್ತ್ರದಲ್ಲಿ ಎಂ.ಎ. ಮುಗಿಸಿದ್ದಳು, ಕನ್ನಡ ಮರಾಠಿ ಎರಡೂ ಅವಳ ಬಾಯಲ್ಲಿ ನೀರಿನ ಹಾಗೆ ಹರಿಯುತ್ತಿದ್ದವು. ಸಹಾಯಕಿಯಾಗಿ ತೆಗೆದುಕೊಂಡಿದ್ದೆ. ನನ್ನ ಕೈಕೆಳಗೆ ಪಿಎಚ್.ಡಿ. ಮಾಡಬೇಕೆಂಬುದು ಅವಳ ಆಸೆ. ‘ನೋಡೋಣ’ ಎಂದಿದ್ದೆ. ‘ನೋಡೋಣ’ ಎನ್ನುವುದು ನನ್ನ ಹಳೆಯ ಚಾಳಿ, ಹೌದು ಅಂತಲೂ ಅಲ್ಲ ಇಲ್ಲ ಅಂತಲೂ ಅಲ್ಲ, ಕೇಳಿದವರು ಮಾತ್ರ ಹೌದು ಎಂದೇ ತಿಳಿದುಕೊಳ್ಳುತ್ತಾರೆ.

ನಾನು ಹಿಗ್ಗಿನಲ್ಲಿ ಮುಚ್ಚಳ ತೆಗೆಯುತ್ತಿದ್ದರೆ ಅವಳು ಸಂಖ್ಯೆ ಬರೆದುಕೊಳ್ಳುತ್ತಿದ್ದಳು. ಅಥಣಿಯ ಹತ್ತಿರ ಚಹಾಕ್ಕೆ ನಿಲ್ಲಿಸಿದಾಗ ಹೇಳಿದಳು.

“ಸರ್, ಒಂದ ಮಾತ ಹೇಳ್ಲೇನ್ರಿ? ಇದು ಬೆಲ್ಲದ್ದಲ್ರಿ, ಡಬ್ಬೀದು.”

ಅಂದರೆ ಏನೆಂದು ಕೇಳಿದೆ.

“ಖಾಲಿ ಡಬ್ಬಿ ಯಾರ ತಿರುಗಿ ಕಳಸ್ತಾರ್ರಿ? ಮನಿಗೆ ಬಂದ ಡಬ್ಬ್ಯಾಗ ನಾಕ ಕಾಳ ಸಕ್ರಿಯರ ಹಾಕೇ ಕೊಡ್ತಾರ. ನಂಬಿಕಿ ಅಲ್ರಿ ಅದು, ರೀತಿ ರಿವಾಜು. ಅದ ಬೆಲ್ಲ ಕಾಗದದ ಚೀಲದಾಗ ಕೊಟ್ಟ ನೋಡ್ರಿ.”

ನನಗೆ ಹೇಗೆ ಗೊತ್ತಾಗಲಿಲ್ಲ? ಇಲ್ಲ — ಹಾಗೆ ಬರೆಯಬಾರದು. ಅವಳು ಬಾಯಿ ಮುಚ್ಚುವ ಮೊದಲೇ ನನಗೆ ಗೊತ್ತಾಗಿತ್ತು. ಚಿಕ್ಕೋಡಿಯ ನಮ್ಮ ಮನೆಯಲ್ಲಿ ಅವ್ವ, ಪಕ್ಕದ ಮನೆಯಿಂದ ಹೋಳಿಗೆ ಬಂದ ತಾಟನ್ನು ತೊಳೆದು, ಒರೆಸಿ, ಕೊಡಲು ಏನೂ ಇಲ್ಲದ ದಿನ ಒಂದು ಚಿಟಿಕೆ ಸಕ್ಕರೆ ಹಾಕಿ ನನ್ನ ಕೈಗೆ ಕೊಡುತ್ತಿದ್ದಳು. ಎಷ್ಟು ಸಲ ಆ ತಾಟು ಹಿಡಿದು ಹೋಗಿದ್ದೇನೆ. ಅದನ್ನು ಕಂಡು ಬೆಳೆದವನೇ, ಓದಿ ದೊಡ್ಡವನಾಗಿ, ಅದೇ ರೀತಿಯನ್ನು ಕಂಡುಹಿಡಿದು ಅದಕ್ಕೆ ಬೇರೆ ಹೆಸರಿಟ್ಟೆ. ಇದು ಬೇರೆ ದೇಶದಿಂದ ಬಂದವನು ಮಾಡಬಹುದಾದ ತಪ್ಪು. ನಾನು ಮಾಡಿದೆ.

“ನಿನಗೆ ಹೆಂಗ ಹೊಳೀತು ಇದು?” ಎಂದು ಕೇಳಿದೆ.

ಅವಳು ಚಹಾದ ಗ್ಲಾಸು ನೋಡುತ್ತ ಹೇಳಿದಳು. “ನಮ್ಮ ಓಣಿಗೆ ಊರಾಗಿನ ಮನಿಗೋಳಿಂದ ಡಬ್ಬಿ ಬರೂದಿಲ್ರಿ. ಏನ ಕೊಟ್ರೂ ಕಾಗದದಾಗ ಕಟ್ಟಿ ಕೊಡ್ತಾರ. ಕಾಗದದಾಗ ಬಂದದ್ದಕ್ಕ ನಾವೂ ತಿರುಗಿ ಏನೂ ಕೊಡೂದಿಲ್ಲ. ಅದಕ್ಕ ಹೊಳೀತ್ರಿ.”

ಚಹಾದ ಹಣ ಕೊಟ್ಟು ಜೀಪು ಹತ್ತಿದೆವು.

ನಾನು ಅಂದು ಇನ್ನೂ ಪೂರ್ತಿ ಕೆಟ್ಟಿರಲಿಲ್ಲ. ಒಂದು ತಿಂಗಳ ನಂತರ ಅವಳು ಹೇಳಿದ ಹಾಗೆಯೇ ಮಾಡಿ ನೋಡಿದೆವು, ಅನಂತಪುರದಲ್ಲಿ. ಹೇಗೆ ಮಾಡಬೇಕೆಂಬ ಯೋಚನೆಯೂ ಅವಳದೇ: ಒಂದೇ ಊರು, ಒಂದೇ ದಿನ, ಅರ್ಧ ಜನಕ್ಕೆ ಡಬ್ಬಿ, ಅರ್ಧ ಜನಕ್ಕೆ ಕಾಗದದ ಚೀಲ, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ನಿರ್ಧರಿಸುವುದು. ಇಪ್ಪತ್ತು ವರ್ಷ ಇದನ್ನೇ ಪಾಠ ಮಾಡಿದವನು ಇದಕ್ಕಿಂತ ಶುದ್ಧವಾಗಿ ಯೋಚಿಸಲಾರ. ಅವಳಿಗೆ ಆಗ ಇಪ್ಪತ್ತಮೂರು ವರ್ಷ. ನಾನು ಶಾಲೆಯ ಅಂಗಳದ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಬೆಳಗಿನಿಂದ ಸಂಜೆಯವರೆಗೆ ಎಲ್ಲವನ್ನೂ ಕಣ್ಣಾರೆ ನೋಡಿದೆ. ಈ ಮಾತನ್ನು ದಯವಿಟ್ಟು ನೆನಪಿಡಿ.

ಡಬ್ಬಿ ಸಿಕ್ಕ ಹೆಂಗಸೊಬ್ಬಳು ಮೂರು ಅಚ್ಚು ತಿರುಗಿ ಹಾಕುತ್ತ ಸುಜಾತಾಳಿಗೆ ಹೇಳಿದಳು, “ಖಾಲಿ ಹೆಂಗ ಕಳಸೂದವಾ, ಆ ಮಂದಿ ಏನ ತಿಳ್ಕೋತಾರ?” ಕಾಗದದ ಚೀಲ ಸಿಕ್ಕ ಮುದುಕನೊಬ್ಬ ಬೆಲ್ಲವನ್ನೆಲ್ಲ ಧೋತರದ ತುದಿಗೆ ಕಟ್ಟಿಕೊಂಡು, ಹೋಗುವ ಮುನ್ನ ನಿಂತು ಕೇಳಿದ, “ಈ ಕಾಗದ ತಿರುಗಿ ಕೊಡಬೇಕೇನ್ರಿ?” ನಾನು ನಕ್ಕೆ. ಆ ದಿನ ನಾನು ನಕ್ಕಿದ್ದು ಅಷ್ಟೇ. ಸಂಜೆಗೆ ಲೆಕ್ಕದ ಹಾಳೆಗಳನ್ನು ಜೋಡಿಸಿ ನೋಡಿದರೆ — ಡಬ್ಬಿ ಒಂದೂ ಖಾಲಿ ಬಂದಿರಲಿಲ್ಲ. ಚೀಲಗಳು ಹೆಚ್ಚುಕಡಿಮೆ ಎಲ್ಲವೂ ಖಾಲಿ. ಸುಜಾತಾ ಒಂದೊಂದು ಹಾಳೆಯ ಮೇಲೂ ತನ್ನ ದುಂಡು ಅಕ್ಷರದಲ್ಲಿ ಸಂಖ್ಯೆ ಬರೆದು, ಕೆಳಗೆ ಸಹಿ ಮಾಡಿ, ಕಟ್ಟು ಕಟ್ಟಿ ನನ್ನ ಕೈಗೆ ಕೊಟ್ಟಳು. ಅವಳ ಮುಖದಲ್ಲಿ ಎಂಥ ಸಂತೋಷವಿತ್ತು. ಗೆದ್ದ ಸಂತೋಷವಲ್ಲ, ಏನೋ ತಿಳಿದುಕೊಂಡ ಸಂತೋಷ. ಅಂಥ ಸಂತೋಷ ನನಗೂ ಒಂದು ಕಾಲದಲ್ಲಿ ಇತ್ತು.

“ಇನ್ನ ಲೇಖನದಾಗ ಇದನೂ ಹಾಕಬೇಕಲ್ರಿ ಸರ್?” ಎಂದಳು.

“ನೋಡೋಣ,” ಎಂದೆ.

ಆ ಹೊತ್ತಿಗೆ ಐಗಳಿಯ ಲೇಖನವನ್ನು ನಾನು ವಿದೇಶದ ಪತ್ರಿಕೆಗೆ ಕಳಿಸಿಯಾಗಿತ್ತು. ಅನಂತಪುರಕ್ಕೆ ಹೋಗುವ ಮೊದಲೇ ಕಳಿಸಿದ್ದೆ. ಅದನ್ನು ಅವಳಿಗೆ ಹೇಳಿರಲಿಲ್ಲ. ಹಿಂತೆಗೆದುಕೊಳ್ಳಬಹುದಿತ್ತು. ಒಂದು ಪತ್ರ ಬರೆದರೆ ಸಾಕಿತ್ತು, ‘ನಾವು ಕಂಡದ್ದು ನಂಬಿಕೆಯಲ್ಲ, ಪಾತ್ರೆಯ ರೀತಿ’ ಎಂದು. ಅದೂ ಒಂದು ಒಳ್ಳೆಯ ಲೇಖನವೇ ಆಗುತ್ತಿತ್ತು; ಈಗ ಯೋಚಿಸಿದರೆ ಇನ್ನೂ ಒಳ್ಳೆಯದೇ ಆಗುತ್ತಿತ್ತು. ಆದರೆ ಅದರ ಮೇಲೆ ಮೊದಲು ಬರಬೇಕಾದ ಹೆಸರು ನನ್ನದಲ್ಲ... ಇಲ್ಲಿಗೆ ಬಂದು ನನ್ನ ಪೆನ್ನು ಎರಡು ದಿನ ನಿಂತಿತ್ತು. ಬರೆದುಬಿಡುತ್ತೇನೆ. ನನಗೆ ಅವಳ ಮೇಲೆ ಹೊಟ್ಟೆಕಿಚ್ಚಾಗಿತ್ತು. ಕಬ್ಬಿನ ಹೊಲದ ಕೂಲಿಯವರ ಮಗಳು ಚಹಾದ ಅಂಗಡಿಯ ಬೆಂಚಿನ ಮೇಲೆ ಕೂತು ಒಂದೇ ಮಾತಿನಲ್ಲಿ ನನ್ನ ಸಿದ್ಧಾಂತವನ್ನು ಪುಡಿ ಮಾಡಿದಳಲ್ಲ, ಅದನ್ನು ನನಗೆ ಸಹಿಸಲಾಗಲಿಲ್ಲ.

ಹಾಳೆಗಳ ಕಟ್ಟನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದೆ. ಎಸೆಯಲಿಲ್ಲ. ಎಸೆಯದೆ ಇಟ್ಟುಕೊಂಡದ್ದನ್ನೇ ಪ್ರಾಮಾಣಿಕತೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ.

ಲೇಖನ ಅಚ್ಚಾಯಿತು. ಬಹುಮಾನ ಬಂತು. ಸುಜಾತಾ ಅಂಕಿಅಂಶ ಜೋಡಿಸುವ ಕೆಲಸಕ್ಕೆಂದು ಕೆಲವು ತಿಂಗಳು ವಿಶ್ವವಿದ್ಯಾಲಯದ ಊರಿಗೆ ಬಂದು ಹಾಸ್ಟೆಲಿನಲ್ಲಿದ್ದಳು. ಭಾನುವಾರ ನಮ್ಮ ಮನೆಯಲ್ಲಿ ಊಟ. ನನ್ನ ಹೆಂಡತಿಗೆ ಅವಳೆಂದರೆ ಜೀವ, ಅವಳಿಗೆ ಇವಳು ‘ಅಕ್ಕಾರು’. ಇಬ್ಬರೂ ಅಡುಗೆಮನೆಯಲ್ಲಿ ಕೂತು ಗಂಟೆಗಟ್ಟಲೆ ಊರ ಕಡೆಯ ಮಾತಾಡುತ್ತಿದ್ದರು. ಅನಂತಪುರದ ಸುದ್ದಿಯನ್ನು ಸುಜಾತಾ ಮತ್ತೆ ಎರಡು ಸಲ ನನ್ನ ಹತ್ತಿರ ಎತ್ತಿದಳು. ಎರಡು ಸಲವೂ ‘ನೋಡೋಣ’ ಎಂದೆ. ಪಿಎಚ್.ಡಿ. ಪ್ರವೇಶಕ್ಕೆ ಅರ್ಜಿ ಹಾಕುವಾಗ ಅದೇ ವಿಷಯ ಆರಿಸಿಕೊಂಡಿದ್ದೇನೆ ಎಂದು ಹೇಳಿದಾಗಲೂ ‘ನೋಡೋಣ’ ಎಂದೆ. ಅವಳು ಹೌದು ಎಂದುಕೊಂಡಳು.

ಸಂದರ್ಶನದ ದಿನ ಮೇಜಿನ ಈಚೆ ನಾವು ಮೂವರು, ಆಚೆ ಅವಳು. ನೀಲಿ ಸೀರೆ ಉಟ್ಟಿದ್ದಳು, ನನ್ನ ಹೆಂಡತಿಯೇ ಕೊಟ್ಟದ್ದು. ಹೆದರದೆ, ಚೊಕ್ಕ ಕನ್ನಡದಲ್ಲಿ, ತನ್ನ ವಿಷಯ ವಿವರಿಸಿದಳು. ಅನಂತಪುರದಲ್ಲಿ ಏನು ಮಾಡಿದೆವು, ಏನು ಕಂಡೆವು, ಅದರಿಂದ ಮುಂದೆ ಏನು ಕೇಳಬೇಕು. ‘ಇದು ನಮ್ಮ ಸರ್ ಅವರ ಪ್ರಯೋಗದ ಮುಂದಿನ ಹೆಜ್ಜೆ’ ಎಂದಳು. ನನ್ನ ಮರ್ಯಾದೆಯನ್ನು ಅಷ್ಟು ಜೋಪಾನವಾಗಿ ಎತ್ತಿ ಹಿಡಿದಿದ್ದಳು. ಸಮಿತಿಯ ಅಧ್ಯಕ್ಷರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು.

“ಏನ್ರಿ ಇದು? ಹಿಂಗಾದರೆ ನಿಮ್ಮ ಲೇಖನವೇ ನಿಲ್ಲೋದಿಲ್ಲವಲ್ಲ. ಈ ಎರಡನೇ ಸುತ್ತಿನ ಬಗ್ಗೆ ನೀವು ಎಲ್ಲೂ ಬರೆದೇ ಇಲ್ಲ.”

ಉತ್ತರ ನನ್ನ ಬಾಯಿಗೆ ತಡವಿಲ್ಲದೆ ಬಂತು. ಅದನ್ನು ನಾನು ಮೊದಲೇ ಯೋಚಿಸಿಟ್ಟಿರಲಿಲ್ಲ, ಅಥವಾ ಇಟ್ಟಿದ್ದೆನೋ ಏನೋ.

“ಆ ಹಾಳೆಗಳನ್ನು ನಾನು ಬಳಸಲಿಲ್ಲ. ಈಕೆ ಆಟ ಆಡಿಸದೆ, ಮನೆಯಲ್ಲೇ ಕೂತು ತುಂಬಿದ ಹಾಳೆಗಳು ಅವು.”

ಅಧ್ಯಕ್ಷರು ಅರ್ಜಿಯನ್ನು ಮತ್ತೊಮ್ಮೆ ತಿರುವಿ, ಅವಳ ಹೆಸರು, ಅಡ್ಡಹೆಸರು, ಊರು, ತಂದೆಯ ಉದ್ಯೋಗ ಎಲ್ಲ ಓದಿದರು. ಅವರ ಮುಖದಲ್ಲಿ ನಂಬಿಕೆ ಮೂಡಿದ್ದನ್ನು ನಾನು ನೋಡಿದೆ. ಬೇರೆ ಯಾವ ಹುಡುಗಿಯ ಬಗ್ಗೆ ಹೇಳಿದ್ದರೂ ಅವರು ಇನ್ನೆರಡು ಪ್ರಶ್ನೆ ಕೇಳುತ್ತಿದ್ದರು; ಇವಳ ಬಗ್ಗೆ ಕೇಳಲಿಲ್ಲ. ಅದು ಹಾಗೇ ಆಗುತ್ತದೆಂದು ನನಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ಆ ಸುಳ್ಳನ್ನು ಆರಿಸಿಕೊಂಡೆ. ನನ್ನ ತಪ್ಪಿನಲ್ಲಿ ಎಲ್ಲಕ್ಕಿಂತ ಹೊಲಸಾದ ಭಾಗ ಇದು.

“ಏನಮ್ಮಾ, ಏನು ಹೇಳ್ತೀರಿ ಇದಕ್ಕೆ?”

ಸುಜಾತಾ ಅವರನ್ನು ನೋಡಲಿಲ್ಲ. ನನ್ನನ್ನು ನೋಡಿದಳು. ಎಷ್ಟು ಹೊತ್ತೋ ತಿಳಿಯದು, ನನಗಂತೂ ಬಹಳ ಹೊತ್ತು ಎನಿಸಿತು. ಆಮೇಲೆ, ಅಷ್ಟು ಹೊತ್ತು ಆಡುತ್ತಿದ್ದ ಚೊಕ್ಕ ಕನ್ನಡ ಬಿಟ್ಟು, ನಮ್ಮ ಊರ ಮಾತಿನಲ್ಲಿ ಹೇಳಿದಳು:

“ಹೌದ್ರಿ. ಸರ್ ಹೇಳಿದ್ದ ಖರೆ ಐತ್ರಿ.”

ಹೇಳಿದ ಮೇಲೂ ಅವಳು ನನ್ನನ್ನೇ ನೋಡುತ್ತಿದ್ದಳು. ನಾನು ಎದುರಿದ್ದ ಪೆನ್ನು ತೆಗೆದುಕೊಂಡು ಮುಂದಿನ ಅಭ್ಯರ್ಥಿಯ ಹೆಸರಿನ ಕೆಳಗೆ ಗೆರೆ ಎಳೆದೆ. ಅಧ್ಯಕ್ಷರು ನಿಟ್ಟುಸಿರು ಬಿಟ್ಟು, ಇನ್ನು ಹೋಗಬಹುದು ಎಂದರು. ಅವಳು ನಮಸ್ಕಾರ ಮಾಡಿ ಎದ್ದು ಹೋದಳು. ಬಾಗಿಲು ಸದ್ದಾಗದ ಹಾಗೆ ಎಳೆದುಕೊಂಡಳು.

ಆ ಭಾನುವಾರ ಅವಳು ಊಟಕ್ಕೆ ಬರಲಿಲ್ಲ. ಮುಂದಿನ ಭಾನುವಾರವೂ. “ಆ ಹುಡುಗಿ ಯಾಕ ಬರವಲ್ಲಳು?” ಎಂದು ಹೆಂಡತಿ ಕೇಳಿದಳು. “ಆಕಿಗೆ ಊರ ಕಡೆ ನೌಕರಿ ಸಿಕ್ಕೈತಿ,” ಎಂದೆ. “ನನಗ ಒಂದ ಮಾತ ಹೇಳದ ಹೋದಳೇನು?” ಎಂದು ಅವಳು ಬಹಳ ದಿನ ನೊಂದುಕೊಂಡಳು. ಹೀಗೆ ಸುಜಾತಾಳನ್ನು ಒಂದು ಕಡೆ ಮೋಸಗಾರ್ತಿ ಮಾಡಿದೆ, ಇನ್ನೊಂದು ಕಡೆ ಕೃತಘ್ನಳನ್ನಾಗಿ ಮಾಡಿದೆ.

ವರ್ಷವೊಂದರ ನಂತರ ಬೇರೊಂದು ಸಂಶೋಧನಾ ಸಂಸ್ಥೆಯಿಂದ ಪತ್ರ ಬಂತು. ಸುಜಾತಾ ಎಂಬವರು ಕೆಲಸಕ್ಕೆ ಅರ್ಜಿ ಹಾಕಿದ್ದಾರೆ, ನಿಮ್ಮ ಜೊತೆ ದುಡಿದಿದ್ದಾರಂತೆ, ನಿಮ್ಮ ಅಭಿಪ್ರಾಯ ತಿಳಿಸಿ, ಎಂದು. ಅವಳು ನನ್ನ ಹೆಸರನ್ನು ಕೊಟ್ಟಿದ್ದಳು. ಕೊಡಬೇಕಾಗಿತ್ತು, ಬೇರೆ ಯಾರ ಹೆಸರಿತ್ತು ಅವಳ ಹತ್ತಿರ? ಆ ಪತ್ರವನ್ನು ಎಷ್ಟೋ ದಿನ ಮೇಜಿನ ಮೇಲೆ ಇಟ್ಟುಕೊಂಡೆ. ಒಳ್ಳೆಯದು ಬರೆದರೆ ನಾನು ಆಡಿದ ಸುಳ್ಳು ಹೊರಬೀಳುತ್ತದೆ. ಕೆಟ್ಟದ್ದು ಬರೆಯಲು ಕೈ ಬರಲಿಲ್ಲ. ಕೆಟ್ಟದ್ದು ಬರೆಯದಿದ್ದುದಕ್ಕೆ ಒಳಗೊಳಗೇ ಬೆನ್ನು ತಟ್ಟಿಕೊಂಡೆ. ಉತ್ತರ ಬರೆಯಲೇ ಇಲ್ಲ. ಆ ಕೆಲಸವೂ ಅವಳಿಗೆ ಸಿಗಲಿಲ್ಲ.

ಇನ್ನು ಸನ್ಮಾನಗಳ ಕಾಲ. ಅದನ್ನು ಹೇಗೆ ಹೇಳಲಿ — ಜನ ಸುತ್ತುವರಿದಷ್ಟೂ ನಾನು ಒಂಟಿಯಾದೆ. ಹೊಗಳುವವರ ಹತ್ತಿರ ಹೆಚ್ಚು ಹೊತ್ತು ನಿಲ್ಲಲಾಗುತ್ತಿರಲಿಲ್ಲ. ಯಾರಾದರೂ ಸ್ನೇಹಕ್ಕೆ ಬಂದರೆ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಹತ್ತಿರವಾದರೆ ಹೇಳಬೇಕಾಗುತ್ತದೆ ಎಂಬ ಭಯ. ನನ್ನ ಹಳೆಯ ಗೆಳೆಯರೆಲ್ಲ ಒಬ್ಬೊಬ್ಬರಾಗಿ ದೂರವಾದರು. ‘ದೊಡ್ಡ ಮನುಷ್ಯ ಆಗ್ಯಾನ’ ಎಂದು ಅವರು ಹಿಂದಿನಿಂದ ಮಾತಾಡಿಕೊಂಡಿದ್ದು ನನ್ನ ಕಿವಿಗೆ ಬಿತ್ತು. ಹಾಗಲ್ಲ ಎಂದು ಹೋಗಿ ಹೇಳುವ ಹಾಗೂ ಇರಲಿಲ್ಲ. ಬೇರೆ ರಾಜ್ಯದ ಒಬ್ಬ ಯುವ ಸಂಶೋಧಕ ಇದೇ ಆಟವನ್ನು ಡಬ್ಬಿಯಿಲ್ಲದೆ ಆಡಿಸಿ, ತನಗೆ ಅಂಥ ಫಲ ಬರಲಿಲ್ಲವೆಂದು ವಿನಯದಿಂದ ಪತ್ರ ಬರೆದ. ‘ನಿಮ್ಮ ಭಾಗದಲ್ಲಿ ಆ ಸಂಸ್ಕೃತಿ ಇಲ್ಲದಿರಬಹುದು’ ಎಂದು ಉತ್ತರಿಸಿದೆ. ಒಂದು ಊರಿನ ಜನರನ್ನೇ ಕೆಳಗೆ ಮಾಡಿ ನನ್ನ ಲೇಖನ ಉಳಿಸಿಕೊಂಡೆ. ಆ ಹುಡುಗ ಮತ್ತೆ ಬರೆಯಲಿಲ್ಲ.

ಒಮ್ಮೆ ಅಥಣಿಯಲ್ಲೇ ಸನ್ಮಾನ ಇಟ್ಟುಕೊಂಡರು. ತಪ್ಪಿಸಿಕೊಳ್ಳಲು ನೋಡಿದೆ, ಆಗಲಿಲ್ಲ. ವೇದಿಕೆಯ ಮೇಲೆ ಕೂತಷ್ಟು ಹೊತ್ತೂ ಸಭೆಯ ಒಂದೊಂದು ಸಾಲನ್ನೂ ನೋಡಿದೆ, ಅವಳು ಬಂದಿದ್ದಾಳೋ ಎಂದು. ಬಂದಿರಲಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಐಗಳಿಯ ಹಿರಿಯರೊಬ್ಬರು ಎರಡೂ ಕೈ ಹಿಡಿದುಕೊಂಡು, “ನಮ್ಮ ಊರ ಮಂದಿ ಎಂಥಾವ್ರು ಅಂತ ನಿಮ್ಮಿಂದ ಜಗತ್ತಿಗೆ ಗೊತ್ತಾತ್ರಿ,” ಎಂದರು. ಅವರ ಕೈ ಬಿಸಿಯಾಗಿತ್ತು. ಅವರೇ ಮಾತಿನ ನಡುವೆ, ಆಗ ನಿಮ್ಮ ಜೋಡಿ ಇದ್ದ ಹುಡುಗಿ ಈಗ ರಾಯಬಾಗದ ಹತ್ತಿರ ಒಂದು ಶಾಲೆಯಲ್ಲಿ ಟೀಚರ್ ಆಗಿದ್ದಾಳೆ ಎಂದು ಹೇಳಿದರು. ಒಳ್ಳೆಯದಾಯಿತು ಎಂದೆ. ಹಾರಗಳನ್ನು ಕಾರಿನ ಹಿಂದಿನ ಸೀಟಿಗೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಹೊರಟುಬಂದೆ.

ರಾಯಬಾಗದ ಆ ಶಾಲೆಗೆ ಹೋಗಲು ನನಗೆ ಮತ್ತೆ ಆರು ವರ್ಷ ಬೇಕಾಯಿತು. ಈ ನಡುವೆ ಹೆಂಡತಿ ಹೋದಳು. ನಮಗೆ ಮಕ್ಕಳಿರಲಿಲ್ಲ. ನಿವೃತ್ತನಾಗಿ ಚಿಕ್ಕೋಡಿಗೆ ಬಂದು, ಬಸ್ ನಿಲ್ದಾಣದಿಂದ ಸ್ವಲ್ಪ ಒಳಗೆ ಬಾಡಿಗೆಯ ಎರಡು ಕೋಣೆ ಹಿಡಿದೆ. ಬೆಳಿಗ್ಗೆ ಎದ್ದು ಹೋಟೆಲಿಗೆ ಹೋಗಿ ಚಹಾ ಕುಡಿದರೆ, ಎಷ್ಟೋ ದಿನ ಆ ಹೋಟೆಲಿನವನ ಜೊತೆ ಆಡಿದ ಎರಡು ಮಾತೇ ಆ ದಿನದ ಮಾತು. ಅಡುಗೆಮನೆಯಲ್ಲಿ ಕೂತು ಹರಟುತ್ತಿದ್ದ ಆ ಇಬ್ಬರ ನೆನಪು ಬರುತ್ತಿತ್ತು. ಹೆಂಡತಿ ಕೊನೆಯ ದಿನಗಳಲ್ಲೂ ಒಮ್ಮೆ ಅವಳನ್ನು ನೆನೆಸಿಕೊಂಡಿದ್ದಳು. ಕರೆಸಲಾ ಎಂದು ಕೇಳುವ ಧೈರ್ಯ ಆಗಲೂ ಬರಲಿಲ್ಲ. ಒಬ್ಬರನ್ನು ಇನ್ನೊಬ್ಬರಿಂದ ನಾನೇ ಕಿತ್ತುಕೊಂಡಿದ್ದೆ.

ಒಂದು ದಿನ ರಾಯಬಾಗದ ಬಸ್ಸು ಹತ್ತಿದೆ. ಅವಳ ಶಾಲೆ ಮುಟ್ಟಿದಾಗ ಮಧ್ಯಾಹ್ನದ ಬಿಡುವು. ಅವಳು ಗುರುತು ಹಿಡಿದಳು. ತಲೆಗೂದಲು ಅಲ್ಲಲ್ಲಿ ಬೆಳ್ಳಗಾಗಿತ್ತು, ಕಣ್ಣಿಗೆ ಕನ್ನಡಕ. “ಬರ್ರಿ ಸರ್,” ಎಂದು ಶಿಕ್ಷಕರ ಕೋಣೆಗೆ ಕರೆದುಕೊಂಡು ಹೋಗಿ ಕುರ್ಚಿ ಕೊಟ್ಟಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

“ಅಕ್ಕಾರು ಹೋದ ಸುದ್ದಿ ತಿಳೀತ್ರಿ. ಬರಬೇಕಂತ ಬಸ್‌ಸ್ಟ್ಯಾಂಡ್ ತನಕ ಬಂದ್ನಿ. ಆಮ್ಯಾಲ ತಿರುಗಿ ಹೋದ್ನಿ.”

ತಪ್ಪು ಮಾಡಿದೆ ಎಂದೆ. ಅವಳು ತಲೆಯಾಡಿಸಿದಳು, ಹೌದು ಎಂದೋ, ಸಾಕು ಎಂದೋ. ಪತ್ರಿಕೆಗೆ ಎಲ್ಲವನ್ನೂ ಬರೆದು ತಿಳಿಸುತ್ತೇನೆ, ಹಾಳೆಗಳು ನನ್ನ ಹತ್ತಿರ ಇವೆ, ಎಂದೆ.

“ಬರೀರಿ,” ಎಂದಳು. “ನನ್ನ ಸಲುವಾಗಿ ಅಂತ ಬರೀಬ್ಯಾಡ್ರಿ. ನನಗ ಈಗ ಅದರಿಂದ ಏನೂ ಆಗೂದಿಲ್ಲ.”

ಆಮೇಲೆ ಕೇಳಿದೆ, ಇಷ್ಟು ವರ್ಷ ನನ್ನನ್ನು ಕೊರೆಯುತ್ತಿದ್ದುದನ್ನು. ಆ ದಿನ ಹೌದು ಎಂದು ಯಾಕೆ ಹೇಳಿದೆ? ಸುಳ್ಳು ಎಂದು ಯಾಕೆ ಹೇಳಲಿಲ್ಲ? ಹೆದರಿದ್ದೆಯಾ?

ಅವಳು ಮೇಜಿನ ಮೇಲಿದ್ದ ಮಕ್ಕಳ ನೋಟುಬುಕ್ಕುಗಳನ್ನು ಸರಿ ಮಾಡಿಟ್ಟಳು. ಕೋಪವಿರಲಿಲ್ಲ ಅವಳ ದನಿಯಲ್ಲಿ. ಇದ್ದಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

“ಹೆದರಿಕಿ ಅಲ್ರಿ. ನಾ ಇಲ್ಲ ಅಂದಿದ್ರ ಆ ಇಬ್ರು ನಂಬತಿದ್ದಿಲ್ಲ, ಅದ ಗೊತ್ತಿತ್ತು. ನೀವು ಮಾತ್ರ ಹೇಳಬಹುದಾಗಿತ್ತು. ಸರ್ ಹೇಳಿದ್ದ ಖರೆ ಅಂತ ನಾನ ಅಂದ್ರ, ನಿಮಗ ತಡಕೊಳ್ಳಾಕ ಆಗೂದಿಲ್ಲ, ಇಲ್ಲ ಅಂತೀರಿ ಅನ್ಕ್ಯೊಂಡಿದ್ನಿ. ಅದಕ್ಕ ನಿಮ್ಮನ್ನ ನೋಡ್ಕೋತ ಕುಂತ್ನಿ.”

ಗಂಟೆ ಹೊಡೆಯಿತು. ಕ್ಲಾಸು ಇದೆ ಎಂದು ಹೇಳಿ ಅವಳು ಹೊರಟಳು. ಬಾಗಿಲಲ್ಲಿ ತಿರುಗಿ, ಐದೂವರೆಗೆ ಚಿಕ್ಕೋಡಿಗೆ ನೇರ ಬಸ್ಸು ಇದೆ ಎಂದು ತಿಳಿಸಿದಳು.

ಮೂವತ್ತು ವರ್ಷ ನಾನು ಮನುಷ್ಯರು ಒಬ್ಬರನ್ನೊಬ್ಬರು ಎಷ್ಟು ನಂಬುತ್ತಾರೆಂದು ಹುಡುಕಿದವನು. ನನ್ನನ್ನು ಇಷ್ಟು ನಂಬಿದವರು ಇನ್ನೊಬ್ಬರಿಲ್ಲ. ಅದು ನನಗೆ ತಿಳಿದದ್ದು ಆ ಕೋಣೆಯಲ್ಲಿ, ತಿಳಿದು ಏನೂ ಮಾಡಲಾಗದ ಕಾಲಕ್ಕೆ. ಅವಳು ಕೊಟ್ಟ ಆ ಸಮಯದಲ್ಲಿ ನಾನು ಮಾಡಿದ್ದು ಒಂದು ಹೆಸರಿನ ಕೆಳಗೆ ಗೆರೆ ಎಳೆದದ್ದು.

ಮರುದಿನ ಪತ್ರಿಕೆಗೆ ಬರೆದೆ. ಹಾಳೆಗಳನ್ನೂ ಕಳಿಸಿದೆ. ಡಾಕ್ಟರೇಟ್ ಕೊಟ್ಟವರಿಗೆ, ಬಹುಮಾನ ಕೊಟ್ಟವರಿಗೆ, ಆ ದಿನ ಮೇಜಿನ ಈಚೆ ಕೂತಿದ್ದ ಇಬ್ಬರಲ್ಲಿ ಈಗ ಬದುಕಿರುವ ಒಬ್ಬರಿಗೆ ಬೇರೆ ಬೇರೆಯಾಗಿ ಬರೆದೆ. ಅವರು ಏನು ಮಾಡುತ್ತಾರೋ ಮಾಡಲಿ. ಇದರಿಂದ ಸುಜಾತಾಳಿಗೆ ಇಪ್ಪತ್ತಮೂರರ ಆ ವಯಸ್ಸು ತಿರುಗಿ ಬರುವುದಿಲ್ಲ. ಕ್ಷಮೆಯನ್ನು ಅವಳು ಕೊಟ್ಟಿಲ್ಲ. ನಾನು ಕೇಳಿಯೂ ಇಲ್ಲ.

ಆದರೆ ಅವಳು ಕಾದ ಒಂದು ಮಾತು ಬಾಕಿ ಇದೆ. ಕೋಣೆ ಬೇರೆಯಾಯಿತು, ಕೇಳುವವರು ಬೇರೆಯಾದರು, ಹೇಳುವ ಹೊತ್ತು ಎಂದೋ ಮೀರಿತು. ಆದರೂ ನಿಮ್ಮೆಲ್ಲರ ಮುಂದೆ ಹೇಳುತ್ತಿದ್ದೇನೆ.

ಇಲ್ಲ. ಸರ್ ಹೇಳಿದ್ದು ಖರೆ ಅಲ್ಲ.